ಎಲ್ಲವನ್ನೂ ಬಲ್ಲ ದೇವರಲ್ಲಿ ಬೇಡುವುದೇಕೆ?

ಪ್ರಶ್ನೆ: ನಮ್ಮ ಯಜಮಾನರು ಬೈತಖೋಲ ಬಂದರಿನಿಂದ ಯಾಂತ್ರಿಕ ದೋಣಿಯಲ್ಲಿ ಮೀನುಗಾರಿಕೆಗೆ ಹೋಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, ನಿಷೇಧದ 61 ದಿನ ಸಂಪಾದನೆಯಿಲ್ಲದ ಕಾರಣ ನನ್ನ ಪ್ರಾರ್ಥನೆಯೆಲ್ಲ ಬೇಡಿಕೆಯೇ ಆಗಿರುತ್ತದೆ. ಈಚೆಗೆ ಬೈಬಲ್ ಅಧ್ಯಯನದಲ್ಲಿ ದೇವರು ಸರ್ವಜ್ಞನು, ಸರ್ವವ್ಯಾಪಿ, ಪರಿಶುದ್ಧನು ಎಂದು ಕಲಿಯುತ್ತಿದ್ದೇವೆ. ಆತನಿಗೆ ಎಲ್ಲವೂ ತಿಳಿದಿದ್ದರೆ ನಾನು ಕೇಳುವುದೇಕೆ? ಕಲಿತಷ್ಟೂ ಪ್ರಾರ್ಥನೆ ಒಣಗುತ್ತಿದೆ.
ಓದುಗರೊಬ್ಬರು, ಕಾರವಾರ

ಉತ್ತರ: ಸಹೋದರಿ, ನಿಮ್ಮ ಸಂಶಯಕ್ಕೆ ಎಡೆಕೊಡುವ ಮಾತನ್ನು ಯೇಸುವೇ ಆಡಿದ್ದಾನೆ. ನೀವು ಬೇಡುವುದಕ್ಕಿಂತ ಮೊದಲೇ ನಿಮಗೆ ಏನು ಬೇಕೆಂಬುದು ತಂದೆಗೆ ತಿಳಿದಿದೆ ಎಂದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಹೇಳಿದ ಆತನು, ಆದ್ದರಿಂದ ಸುಮ್ಮನಿರಿ ಎನ್ನದೆ, ಮರುವಾಕ್ಯದಲ್ಲೇ ಪ್ರಾರ್ಥನೆಯನ್ನು ಕಲಿಸುತ್ತಾನೆ. ಆ ಪ್ರಾರ್ಥನೆಯಲ್ಲಿ ದೇವರ ನಾಮ, ರಾಜ್ಯ, ಚಿತ್ತ ಈ ಮೂರೂ ಬಂದ ಮೇಲೆಯೇ ಅನ್ನದ ಮಾತು ಬರುತ್ತದೆ. ಆದರೆ ಅದು ಬಂದೇ ಬರುತ್ತದೆ. ಹಾಗಾಗಿ ಮನೆಯ ಖರ್ಚಿನ ಚಿಂತೆಯನ್ನು ದೇವರ ಮುಂದಿಡಲು ನಾಚಬೇಕಾಗಿಲ್ಲ. ಆತನು ಬಲ್ಲವನಾದ್ದರಿಂದ ನೀವು ಕಷ್ಟವನ್ನು ವಿವರಿಸಿ ಒಪ್ಪಿಸಬೇಕಿಲ್ಲ, ಧೈರ್ಯವಿರುವಂತೆ ತೋರಿಸಿಕೊಳ್ಳಬೇಕಾಗಿಯೂ ಇಲ್ಲ.

ಪ್ರಾರ್ಥನೆ ಒಣಗಲು ಕಾರಣ ಕಲಿತ ವಿಷಯವಲ್ಲ, ಕಲಿತ ರೀತಿಯೆಂದು ನನಗೆ ತೋರುತ್ತದೆ. ನಾವು ದೇವರ ಗುಣಗಳನ್ನು ‘ಆತನು’ ಎಂದು ಬರೆದುಕೊಂಡು ಬಾಯಿಪಾಠ ಮಾಡುತ್ತೇವೆ. ಆದರೆ 139ನೇ ಕೀರ್ತನೆಯನ್ನು ನೋಡಿ: ಸರ್ವಜ್ಞತೆ, ಸರ್ವವ್ಯಾಪಿತ್ವಗಳೆಲ್ಲ ಅಲ್ಲಿ ‘ನೀನು’ ಎಂಬ ಸಂಬೋಧನೆಯಲ್ಲಿಯೇ ಹರಿದಿವೆ. ನಾನು ಕೂರುವುದೂ ಏಳುವುದೂ ನಿನಗೆ ಗೊತ್ತು, ಸಮುದ್ರದ ಕಟ್ಟಕಡೆಗೆ ಹೋದರೂ ಅಲ್ಲಿಯೂ ನಿನ್ನ ಕೈ ನನ್ನನ್ನು ಹಿಡಿಯುವುದು ಎಂಬುದು ಆ ಭಕ್ತನ ಮಾತಿನ ತಾತ್ಪರ್ಯ. ರಾತ್ರಿಯೆಲ್ಲ ದೋಣಿಯ ದಾರಿ ಕಾಯುವ ನಿಮಗೆ ಇದರ ಅರ್ಥವನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಒಂದು ಎಚ್ಚರಿಕೆ ಅಗತ್ಯ. ನಮಗೆ ಹಿತವಾದ ಗುಣವನ್ನಷ್ಟೇ ಆರಿಸಿಕೊಂಡರೆ ಆರಾಧನೆ ಓರೆಯಾಗುತ್ತದೆ. ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ದೇವರು ತನ್ನನ್ನು ಕನಿಕರವುಳ್ಳವನೆಂದು ಪ್ರಕಟಿಸಿಕೊಂಡು, ಅದೇ ಉಸಿರಿನಲ್ಲಿ ಅಪರಾಧವನ್ನು ಕಡೆಗಣಿಸದವನೆಂದೂ ಹೇಳುತ್ತಾನೆ. ಆದ್ದರಿಂದ ಪಾಪನಿವೇದನೆಯನ್ನು ಬಿಟ್ಟು ಬರಿಯ ಸಾಂತ್ವನಕ್ಕಾಗಿ ಆತನ ಬಳಿ ಹೋಗಲಾಗದು.

ಈ ವಾರ ಆ ಕೀರ್ತನೆಯನ್ನು ದಿನಕ್ಕೆ ನಾಲ್ಕೈದು ವಚನದಂತೆ ಗಟ್ಟಿಯಾಗಿ ಓದಿ, ಪ್ರತಿ ವಚನದ ನಂತರ ನಿಮ್ಮದೇ ಮಾತಿನಲ್ಲಿ ಒಂದು ವಾಕ್ಯವನ್ನು ದೇವರಿಗೆ ಹೇಳಿ. ಕೊಂಕಣಿಯಲ್ಲಿ ಬಂದರೆ ಕೊಂಕಣಿಯಲ್ಲೇ ಹೇಳಿ. ಬೇಡಿಕೆಗಳನ್ನು ಅದಾದ ಮೇಲೆ ಇಡಿ, ಒಂದನ್ನೂ ಬಿಡಬೇಡಿ.