ಇಳಿಜಾರು ಜಾಗ ಅಂದರೆ ಚದರ ಅಡಿ ರೇಟು ಆಮೇಲೆ, ತಡೆಗೋಡೆ ಮೊದಲು

ಮಡಿಕೇರಿ ಹತ್ತಿರ 5 ಸೆಂಟ್ ಇಳಿಜಾರು ಜಾಗ, 1,200 ಚದರ ಅಡಿ ಮನೆ, ಕೈಯಲ್ಲಿ 30 ಲಕ್ಷ. ಚದರ ಅಡಿ ರೇಟಿಗೆ ಪೂರ್ತಿ ಗುತ್ತಿಗೆ ಕೊಡಲಾ, ಸಾಮಾನು ನಾನೇ ತಂದು ಕೂಲಿ ಮಾತ್ರ ಕೊಡಲಾ ಅಂತ ಕೇಳಿದ್ದೀರಿ. 2021ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಊರೆಲ್ಲ ಸುತ್ತಿದ್ದೆ.

ನಮ್ಮದು ಮೂರ್ನಾಡು ಕಡೆ. ಮೇಲೆ ಇನ್ನೊಬ್ಬರ ಕಾಫಿ ತೋಟ, ಕೆಳಗೆ ರಸ್ತೆ, ನಡುವೆ ನಮ್ಮ ಜಾಗ. ಡಿಸೆಂಬರಿನಲ್ಲಿ ಜೆಸಿಬಿ ತರಿಸಿ 10 ಅಡಿ ಬರೆ (ಇಳಿಜಾರಿನ ಮಣ್ಣಿನ ದಿಬ್ಬ) ಕಡಿದು ಸಮತಟ್ಟು ಮಾಡಿಸಿದೆವು. ಒಟ್ಟು 28 ಲಕ್ಷ ಇತ್ತು, ಅದರಲ್ಲಿ 20 ಬ್ಯಾಂಕ್ ಸಾಲ. ಇಂಜಿನಿಯರ್ ಕೊಟ್ಟ ಎಸ್ಟಿಮೇಟಿನಲ್ಲಿ ಕೊನೆಯ ಸಾಲು ಹಿಂದಿನ ತಡೆಗೋಡೆ, ನಾಲ್ಕೂವರೆ ಲಕ್ಷ. ನಾನು ಅದನ್ನು ಕಾಂಪೌಂಡ್, ಗೇಟಿನ ಜೊತೆ ಸೇರಿಸಿ 'ಮನೆ ಆದ ಮೇಲೆ' ಅಂತ ಬರೆದಿಟ್ಟೆ. ಅದೇ ನಾನು ಮಾಡಿದ ತಪ್ಪು.

ಮನೆ ಕೆಲಸ ಅಂದರೆ ಗೊತ್ತಲ್ವಾ, ಅಡುಗೆಮನೆಗೆ ಒಳ್ಳೆ ಗ್ರಾನೈಟ್ ಹಾಕೋಣ ಅನಿಸುತ್ತದೆ, ಬಾಗಿಲಿಗೆ ಒಳ್ಳೆ ಮರ ಬೇಕು ಅನಿಸುತ್ತದೆ. ಜನವರಿಯಲ್ಲಿ ಇಬ್ಬರು ಕೆಲಸದವರು ಕಾಫಿ ಕೊಯ್ಲಿಗೆ ಹೋದರು, ಒಂದು ತಿಂಗಳು ಹಾಗೇ ಹೋಯಿತು. ಮೇ ಬರುವ ಹೊತ್ತಿಗೆ ಉಳಿದದ್ದು 1 ಲಕ್ಷ 90 ಸಾವಿರ. ಆಕಾಶ ಕಪ್ಪಾಗುತ್ತಿತ್ತು. ಅಷ್ಟರಲ್ಲೇ ಗೋಡೆ ಎಬ್ಬಿಸಿ ಅಂದೆ. ಮೇಸ್ತ್ರಿ ಒಳ್ಳೆಯವರು. "ಮೇಡಂ, ನೀರು ಹೋಗಲಿಕ್ಕೆ ಪೈಪ್ ಇಡಬೇಕು, ಹಿಂದೆ ಜಲ್ಲಿ ತುಂಬಬೇಕು, 14 ಸಾವಿರ ಆಗುತ್ತೆ" ಅಂದರು. ಸದ್ಯಕ್ಕೆ ಬೇಡ ಅಂದೆ. ಗೋಡೆಯ ದಪ್ಪವನ್ನೂ ಕಡಿಮೆ ಮಾಡಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ತಡೆಗೋಡೆ ಮಣ್ಣನ್ನು ತಡೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಮಳೆಗಾಲದಲ್ಲಿ ಅದನ್ನು ಬೀಳಿಸುವುದು ಹೆಚ್ಚಾಗಿ ನೀರು. ಮೇಲಿನ ತೋಟದ ನೀರೆಲ್ಲ ಮಣ್ಣಿನೊಳಗೆ ಇಳಿದು ಗೋಡೆಯ ಬೆನ್ನಿಗೆ ಬಂದು ನಿಲ್ಲುತ್ತದೆ. ದಾರಿ ಇಲ್ಲದಿದ್ದರೆ ಏರುತ್ತಲೇ ಹೋಗುತ್ತದೆ. 10 ಅಡಿ ನೀರು ನಿಂತರೆ ಗೋಡೆಯ ಒಂದೊಂದು ಅಡಿ ಉದ್ದಕ್ಕೂ ಸುಮಾರು 1,400 ಕೆಜಿ ಒತ್ತಡ ಬೀಳುತ್ತದೆ. ನಮ್ಮ ಗೋಡೆ 40 ಅಡಿ ಉದ್ದ. ಅಂದರೆ 56 ಟನ್, ಬರೀ ನೀರಿನದ್ದು. ಮಣ್ಣಿನ ಭಾರ ಬೇರೆ. ಅಷ್ಟನ್ನೂ ಇಳಿಸಲಿಕ್ಕೆ ಬೇಕಾಗಿದ್ದದ್ದು ಆ 14 ಸಾವಿರದ ಪೈಪು, ಜಲ್ಲಿ.

2022ರ ಜುಲೈ. ನಾಲ್ಕು ದಿನ ಬಿಡದೆ ಮಳೆ. ಬೆಳಿಗ್ಗೆ ಪಾತ್ರೆ ತೊಳೆಯಲು ಹಿಂದೆ ಹೋದಾಗ ಗೋಡೆ ನಡುವಲ್ಲಿ ಹೊಟ್ಟೆ ಬಿಟ್ಟಿತ್ತು. ಕಲ್ಲಿನ ಸಂದಿಯಿಂದ ಕೆಂಪು ನೀರು ಸಣ್ಣಗೆ ಜಿನುಗುತ್ತಿತ್ತು. ಬೆರಳಿಟ್ಟೆ, ಸಂದಿಯ ಸಿಮೆಂಟ್ ಹಿಟ್ಟಿನ ಹಾಗೆ ಕೈಗೆ ಬಂತು. ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆವು. ಅವತ್ತು ರಾತ್ರಿಯೇ ಬರೆ ಜರಿದು ಅಡುಗೆಮನೆ ಗೋಡೆ ಒಡೆದು ಒಳಗೆ ಬಂತು. ಹೊಸ ಗ್ರಾನೈಟಿನ ಮೇಲೆ ಮೂರು ಅಡಿ ಮಣ್ಣು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಆದ ಭೂಕುಸಿತವನ್ನು ನಾವೆಲ್ಲ ನೋಡಿದವರೇ. ಅದು ದೊಡ್ಡ ಬೆಟ್ಟದ ಕಥೆ, ನಮ್ಮ 10 ಅಡಿಗೆ ಏನಾಗುತ್ತದೆ ಅಂದುಕೊಂಡಿದ್ದೆ. ಮಣ್ಣು ತೆಗೆಸಿ, ಅಡುಗೆಮನೆ ಸರಿ ಮಾಡಿಸಿ, ಕಾಂಕ್ರೀಟ್ ಗೋಡೆ ಕಟ್ಟಿಸುವಾಗ 8 ಲಕ್ಷ 90 ಸಾವಿರ ಆಯಿತು. ನನ್ನ ಬಳೆ, ಅತ್ತೆಯ ಸರ ಎರಡೂ ಅಡವಿಟ್ಟೆವು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಚದರ ಅಡಿ ರೇಟು ಸಮತಟ್ಟು ಸೈಟಿನವರ ಲೆಕ್ಕ. ಅದರಲ್ಲಿ ಬರೆ ಕಡಿಯುವುದು, ತಡೆಗೋಡೆ, ಚರಂಡಿ ಯಾವುದೂ ಸಾಮಾನ್ಯವಾಗಿ ಇರುವುದಿಲ್ಲ. 30 ಲಕ್ಷದಲ್ಲಿ ಮೊದಲು 6 ಲಕ್ಷ ಜಾಗಕ್ಕೆ ಅಂತ ತೆಗೆದಿಡಿ. ಇನ್ನು 3 ಲಕ್ಷ ಮುಟ್ಟಲೇಬೇಡಿ. ಉಳಿದ 21ರಲ್ಲಿ 1,200 ಅಡಿ ಆಗದಿದ್ದರೆ 900 ಕಟ್ಟಿ. ಒಂದು ರೂಮು ಆಮೇಲೆ ಸೇರಿಸಬಹುದು. ತಾರಸಿ ಹಾಕುವುದಾದರೆ ಮೇಲೆ ಶೀಟಿನ ಖರ್ಚನ್ನೂ ಈಗಲೇ ಬರೆಯಿರಿ. ನಮ್ಮ ಮಳೆಗೆ ಬರೀ ತಾರಸಿ ಸಾಲುವುದಿಲ್ಲ.

ಗುತ್ತಿಗೆಯಾ ಕೂಲಿಯಾ ಅಂದರೆ, ದಿನಾ ಹೋಗಿ ನಿಲ್ಲಲು ಆಗುವುದಾದರೆ ಕೂಲಿ, ಇಲ್ಲದಿದ್ದರೆ ಗುತ್ತಿಗೆ. ಅದರಲ್ಲಿ ಜಾಸ್ತಿ ಯೋಚಿಸಬೇಡಿ. ಆದರೆ ಗೋಡೆಯ ದಪ್ಪ, ಅಡಿಪಾಯವನ್ನು ಇಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. ನಾಲ್ಕು ಇಂಚಿನ ಪೈಪು ಐದೈದು ಅಡಿಗೆ, ಹೊರಗೆ ಸ್ವಲ್ಪ ವಾಟ (ಇಳಿಜಾರು) ಕೊಟ್ಟು. ಹಿಂದೆ ಒಂದಡಿ ಜಲ್ಲಿ. ಬರೆಯ ಮೇಲೆ ನೀರು ಪಕ್ಕಕ್ಕೆ ತಿರುಗಿಸುವ ಚರಂಡಿ. ಇದೆಲ್ಲ ಮುಗಿದ ಮೇಲೆ ಮನೆಯ ಪಾಯ.

ನಕ್ಷೆ ಬರೆಸುವ ಮುಂಚೆ ಈ ಸಲದ ಮಳೆಯಲ್ಲಿ ಕೊಡೆ ಹಿಡಿದು ನಿಮ್ಮ ಜಾಗದಲ್ಲಿ ಒಂದು ಗಂಟೆ ನಿಲ್ಲಿ. ಮೇಲಿನ ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಫೋಟೋ ತೆಗೆದು ಇಂಜಿನಿಯರಿಗೆ ತೋರಿಸಿ.