ಸ್ಟ್ಯಾಕ್ಸ್ ಸಿನಿಮಾ ಸಂಸ್ಥೆಯಾಗಿ ಬೆಳೆದಿದ್ದರೆ ಉಳಿಯುತ್ತಿತ್ತೇ?

ಅಮೆರಿಕದ ಮೆಂಫಿಸ್‌ನ ಸೋಲ್ ಸಂಗೀತದ (ಕಪ್ಪು ಅಮೆರಿಕನ್ನರ ಹಾಡಿನ ಪ್ರಕಾರ) ರೆಕಾರ್ಡ್ ಸಂಸ್ಥೆ ಸ್ಟ್ಯಾಕ್ಸ್ 1970ರ ದಶಕದಲ್ಲಿ ಚಿತ್ರನಿರ್ಮಾಣಕ್ಕೆ ಪೂರ್ತಿಯಾಗಿ ಇಳಿದಿದ್ದರೆ ಬದುಕಿಕೊಳ್ಳುತ್ತಿತ್ತೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಹೆಸರು ಬೆಳೆಯುತ್ತಿತ್ತು, ಸಾಲ ತೀರುತ್ತಿರಲಿಲ್ಲ. ಅವಕಾಶವೇನೋ ಇತ್ತು. ‘ಶಾಫ್ಟ್’ ಚಿತ್ರದ ಹಾಡಿಗಾಗಿ ಸ್ಟ್ಯಾಕ್ಸ್ ಸಂಸ್ಥೆಯ ಗಾಯಕ ಐಸಾಕ್ ಹೇಸ್ 1972ರಲ್ಲಿ ಆಸ್ಕರ್ ಪಡೆದರು. ಅದೇ ವರ್ಷ ಆಗಸ್ಟ್ 20ರಂದು ಲಾಸ್ ಏಂಜಲೀಸ್‌ನ ಕೊಲಿಸಿಯಂ ಕ್ರೀಡಾಂಗಣದಲ್ಲಿ ಒಂದು ಡಾಲರ್ ಟಿಕೆಟ್ಟಿಗೆ ಸುಮಾರು ಲಕ್ಷ ಜನ ಕೂಡಿದ್ದ ಸ್ಟ್ಯಾಕ್ಸ್ ಗಾಯಕರ ಸಂಗೀತೋತ್ಸವವನ್ನು ಚಿತ್ರೀಕರಿಸಿ, ಮರುವರ್ಷ ‘ವಾಟ್‌ಸ್ಟ್ಯಾಕ್ಸ್’ ಎಂಬ ಸಾಕ್ಷ್ಯಚಿತ್ರವಾಗಿ ತೆರೆಗೆ ತರಲಾಯಿತು. ಆದರೆ ಸ್ಟ್ಯಾಕ್ಸ್ ಸೋತದ್ದು ಹಾಡಿನಲ್ಲಲ್ಲ; ಸಿಬಿಎಸ್ ಎಂಬ ದೊಡ್ಡ ರೆಕಾರ್ಡ್ ಕಂಪನಿಯ ಕೈಗೆ ಒಪ್ಪಿಸಿದ್ದ ರೆಕಾರ್ಡ್ ವಿತರಣೆ ಹದಗೆಟ್ಟು, ಬ್ಯಾಂಕಿನ ಸಾಲ ಕುತ್ತಿಗೆಗೆ ಬಂದು, 1975ರ ಡಿಸೆಂಬರ್‌ನಲ್ಲಿ ಅದು ಬಾಗಿಲು ಮುಚ್ಚಿತು. ಹಾಕಿದ ಹಣ ತಡವಾಗಿ ಮರಳುವ ಸಿನಿಮಾ ಇಂಥ ಮನೆಗೆ ಆಸರೆಯಾಗುವುದಕ್ಕಿಂತ (ಚಿತ್ರಮಂದಿರದ ಬಾಗಿಲೂ ಪರರ ಕೈಯಲ್ಲೇ ಇದ್ದುದರಿಂದ) ಮತ್ತೊಂದು ಹೊರೆಯೇ ಆಗುತ್ತಿತ್ತು.