ಮಾತ್ರೆ ಬಿಟ್ಟು ಓಡುತ್ತಿದ್ದ ಹಿರಿಯರು

ಧಾರವಾಡದ ನನ್ನ ಸಲಹಾ ಕೊಠಡಿಗೆ ಒಂದು ಮಳೆಗಾಲದ ಮಧ್ಯಾಹ್ನ 69 ವರ್ಷದ ನಿವೃತ್ತ ನೌಕರರೊಬ್ಬರನ್ನು ಅವರ ಪತ್ನಿ ಮತ್ತು ಮಗ ಕರೆದುಕೊಂಡು ಬಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) "ಓಡಬ್ಯಾಡ್ರಿ ಅಂದ್ರ ಊಟಾನ ಬಿಡ್ತಾರ್ರೀ ಇವರು" ಎಂಬುದು ಪತ್ನಿಯ ದೂರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಚಡ್ಡಿ ತೊಟ್ಟು ಮೈದಾನ ಸುತ್ತುವುದು ಮಗನಿಗೆ ನಾಚಿಕೆಯ ಸಂಗತಿಯಾಗಿತ್ತು. ಪತ್ನಿಯ ಭಯಕ್ಕೆ ಕಾರಣವಿತ್ತು. ಚಡ್ಡಿಯ ವಿಷಯವನ್ನು ನಾನು ಚರ್ಚೆಗೇ ಎತ್ತಿಕೊಳ್ಳಲಿಲ್ಲ.

ಹಿರಿಯರು ಮಾತಾಡದೆ ಕೈಚೀಲದಿಂದ ನೋಟುಬುಕ್ಕೊಂದನ್ನು ತೆಗೆದು ನನ್ನ ಮುಂದಿಟ್ಟರು. ದಿನದಿನದ ದೂರ, ಸಮಯ, ನಾಡಿಬಡಿತ ಎಲ್ಲವೂ ಅದರಲ್ಲಿದ್ದವು. ಹಿರಿಯರ ಕ್ರೀಡಾಕೂಟಗಳಲ್ಲಿ ಐದೈದು ವರ್ಷಗಳಿಗೊಂದು ಗುಂಪು ಮಾಡುತ್ತಾರೆ. 65 ತುಂಬಿದ ವರ್ಷ 5000 ಮೀಟರನ್ನು 26 ನಿಮಿಷದಲ್ಲಿ ಮುಗಿಸಿ ಪದಕ ಗೆದ್ದಿದ್ದ ಇವರು, ಈಗ ಅದೇ ಗುಂಪಿನ ಕೊನೆಯ ವರ್ಷದಲ್ಲಿ, ಆಗಷ್ಟೇ 65 ದಾಟಿ ಬಂದವರ ಹಿಂದೆ 29 ನಿಮಿಷ ಓಡುತ್ತಿದ್ದರು. ಆ ಮೂರು ನಿಮಿಷವನ್ನು ಮರಳಿ ಪಡೆಯಲೆಂದು ವಾರಕ್ಕೆ ನಾಲ್ಕು ದಿನವಿದ್ದ ಅಭ್ಯಾಸವನ್ನು ಏಳು ದಿನಕ್ಕೆ ಏರಿಸಿದ್ದರು. ಎಡ ಹಿಮ್ಮಡಿಯ ನೋವಿನ ಬಗ್ಗೆ ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ. ನೆಲಕ್ಕೆ ಕಾಲೂರುವಾಗ ಅವರು ಹಲ್ಲು ಕಚ್ಚುತ್ತಾರೆಂದು ಪತ್ನಿಯೇ ಹೇಳಿದರು.

ಎರಡನೆಯ ಭೇಟಿಗೆ ಅವರು ಒಬ್ಬರೇ ಬಂದರು. "ನನ್ನ ಮೈ ಕಳ್ಳಬಿದ್ದೈತ್ರಿ" ಎಂದರು. 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತ ಕಂಡುಹಿಡಿಯುವ ಲೆಕ್ಕ ಹಿಡಿದು, ಬಂದ 151ರಲ್ಲಿ ಸುಮಾರು ಶೇಕಡ 85, ಅಂದರೆ ನಾಡಿ 130 ಮುಟ್ಟಬೇಕೆಂದು ಅವರು ನಿಶ್ಚಯಿಸಿದ್ದರು. ಆದರೆ ಎಷ್ಟು ಓಡಿದರೂ ಕೈಗಡಿಯಾರ 112ರ ಮೇಲೆ ತೋರಿಸುತ್ತಿರಲಿಲ್ಲ. ಯಾವ ಮಾತ್ರೆ ತೆಗೆದುಕೊಳ್ಳುತ್ತೀರೆಂದು ಕೇಳಿದಾಗ, ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ವರ್ಗದ ಮಾತ್ರೆ ಕೊಟ್ಟಿರುವುದೂ, ಸ್ಪರ್ಧೆ ಇದ್ದಾಗ ಎರಡು ದಿನ ಮೊದಲೇ ಅದನ್ನು ಗುಟ್ಟಾಗಿ ನಿಲ್ಲಿಸುತ್ತಿದ್ದುದೂ ಹೊರಬಂತು. ಆ ಮಾತ್ರೆ ಹೃದಯದ ಬಡಿತವನ್ನೇ ತಗ್ಗಿಸುತ್ತದೆ. ಅದನ್ನು ನುಂಗುವವರಿಗೆ ಆ ಲೆಕ್ಕ ಹೊಂದುವುದಿಲ್ಲ. ಒಮ್ಮೆಲೇ ನಿಲ್ಲಿಸಿದರಂತೂ ಒತ್ತಡ ಮತ್ತು ಬಡಿತ ಎರಡೂ ಹಠಾತ್ತನೆ ಏರಿ ಹೃದಯಕ್ಕೆ ಅಪಾಯವಾಗಬಹುದು. ನಾನು ಸಲಹೆಗಾರ್ತಿ, ವೈದ್ಯಳಲ್ಲ, ಆದ್ದರಿಂದ ಉಳಿದ ಸಲಹೆಗಿಂತ ಮೊದಲು, ಅದೇ ವಾರ ಹೃದ್ರೋಗ ತಜ್ಞರನ್ನು ಕಂಡು ಮಾತ್ರೆ ಬಿಟ್ಟದ್ದನ್ನೂ ಓಡುವುದನ್ನೂ ಮುಚ್ಚಿಡದೆ ಹೇಳಬೇಕು, ಅಲ್ಲಿಯವರೆಗೆ ನಡಿಗೆ ಮಾತ್ರ ಎಂದು ಕೇಳಿಕೊಂಡೆ.

"ಫೌಜಾ ಸಿಂಗ್ ನೂರಕ್ಕ ಓಡಿಲ್ಲೇನ್ರೀ ಮೇಡಂ?" ಎಂದು ಅವರು ವಾದಿಸಿದರು. ಪಂಜಾಬ್ ಮೂಲದ ಆ ಓಟಗಾರ ನೂರನೆಯ ವಯಸ್ಸಿನಲ್ಲಿ ಮ್ಯಾರಥಾನ್ ಓಡಿದ್ದು ನಿಜ. ಆದರೆ 2003ರಲ್ಲಿ ಟೊರಾಂಟೊ ಮ್ಯಾರಥಾನನ್ನು ಸುಮಾರು 5 ಗಂಟೆ 40 ನಿಮಿಷದಲ್ಲಿ ಮುಗಿಸಿದ್ದ ಅದೇ ವ್ಯಕ್ತಿ 2011ರಲ್ಲಿ ಅದೇ ಊರಿನಲ್ಲಿ 8 ಗಂಟೆ ದಾಟಿದ್ದರು. ಎರಡೂವರೆ ಗಂಟೆ ಹೆಚ್ಚು ಹಿಡಿಯಿತೆಂದು ಅವರು ಓಟ ಬಿಡಲಿಲ್ಲ, ಮೊದಲಿನ ಸಮಯದ ಬೆನ್ನು ಹತ್ತಲೂ ಇಲ್ಲ. ಇದನ್ನು ಕೇಳಿ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು.

ತಜ್ಞರು ತಪಾಸಣೆ ಮಾಡಿ ಓಡಲು ಒಪ್ಪಿಗೆ ಕೊಟ್ಟರು, ಮಾತ್ರೆಯನ್ನು ಮುಂದುವರಿಸಿದರು. ಅನಂತರ ನಾವು ಸೇರಿ ರೂಢಿಯನ್ನು ಬದಲಿಸಿದೆವು. ಶ್ರಮವನ್ನು ನಾಡಿಯಿಂದಲ್ಲ, ಮಾತಿನಿಂದ ಅಳೆಯಬೇಕು. ಓಡುತ್ತಲೇ ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲಾಗದಿದ್ದರೆ ಆ ದಿನದ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ವೇಗದ ಓಟ ವಾರಕ್ಕೊಮ್ಮೆ ಸಾಕು, ಮರುದಿನ ವಿಶ್ರಾಂತಿ. ಈ ವಯಸ್ಸಿನಲ್ಲಿ ಸ್ನಾಯುಗಳು ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಕು. ನೋಟುಬುಕ್ಕಿನಲ್ಲಿ ಸಮಯದ ಪಕ್ಕದಲ್ಲೇ ನೋವು ಹತ್ತರಲ್ಲಿ ಎಷ್ಟು, ರಾತ್ರಿ ನಿದ್ದೆ ಎಷ್ಟು ಎಂದೂ ಬರೆಯಬೇಕು. ಪತ್ನಿಗೆ ಹೇಳಿದ್ದು ಒಂದೇ ಮಾತು: "ಓಡಬ್ಯಾಡ್ರಿ" ಎನ್ನುವ ಬದಲು "ಇವತ್ತು ಹಿಮ್ಮಡಿ ಎಷ್ಟು ನೋಯ್ತು?" ಎಂದು ಕೇಳಿ.

ಆ ವರ್ಷದ ಕೂಟವನ್ನು ಬಿಟ್ಟುಬಿಡಿ ಎಂಬ ನನ್ನ ಸಲಹೆಯನ್ನು ಅವರು ಪಾಲಿಸಲಿಲ್ಲ. ಮಾತ್ರೆ ನುಂಗಿಯೇ ಓಡಿ ಐದನೆಯವರಾದರು. ಮಗ ನೋಡಲು ಹೋಗಲಿಲ್ಲ. ಕೊನೆಯ ಭೇಟಿಯಲ್ಲಿ ಅವರು ಪುಸ್ತಕ ತೆರೆದು ತೋರಿಸಿದರು. ಎಡ ಹಿಮ್ಮಡಿಯ ಮುಂದೆ 3 ಎಂದಿತ್ತು, ಅದರ ಕೆಳಗೆ ಪತ್ನಿಯ ಕೈಬರಹದಲ್ಲಿ 5 ಎಂದಿತ್ತು. ಮಾರ್ಚ್‌ನಲ್ಲಿ 70 ತುಂಬುತ್ತದೆ, ಮುಂದಿನ ಗುಂಪಿನಲ್ಲಿ ತಾವೇ ಎಲ್ಲರಿಗಿಂತ ಚಿಕ್ಕವರು ಎನ್ನುತ್ತ ಎದ್ದು ನಿಂತರು.